ಲೈನು ಸರಿಯಾಗಿಯೇ ಇದೆ

ಮನೆಯಿಂದ
ಮಾರ್ಚ್ ೧೧, ಮಂಗಳವಾರ, ಮಧ್ಯಾಹ್ನ

ಪ್ರೀತಿಯ ನಮ್ಮನೆಯವರಿಗೆ,

ಹೇಗಿದ್ದೀರಿ? ಎದೆಯುರಿ ಕಡಿಮೆಯಾಯಿತೇ? ಉಂಡ ಕೈ ಒಣಗುವ ಮೊದಲೇ ಹಾಸಿಗೆ ಸೇರಬೇಡಿ ಎಂದು ಹನ್ನೆರಡು ವರ್ಷದಿಂದ ಹೇಳುತ್ತಾ ಬಂದಿದ್ದೇನೆ. ಕಣ್ಣೆದುರಿಗೆ ಇದ್ದಾಗಲೇ ಮಾಡದವರು ಹಡಗಿನಲ್ಲಿ ಕೂತು ಮಾಡುತ್ತೀರೆಂಬ ಭ್ರಮೆ ನನಗಿಲ್ಲ. ಆದರೂ ಬರೆಯುತ್ತೇನೆ, ಬರೆಯದಿದ್ದರೆ ನನಗೇ ಎದೆಯುರಿ ಶುರುವಾಗುತ್ತದೆ. ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ನಿಮ್ಮ ಅಮ್ಮನ ಮಂಡಿನೋವು ಹಾಗೇ ಇದೆ, ಗಂಟಲೂ ಹಾಗೇ ಇದೆ. ಅವರು ಅಡುಗೆಮನೆಯಲ್ಲಿ ಮಾತಾಡಿದರೆ ಮೂರನೇ ಮನೆಯವರಿಗೂ ನಮ್ಮ ಸುದ್ದಿ ಪುಕ್ಕಟೆ. ಗುಬ್ಬಿಯ ಗದ್ದದ ಹೊಲಿಗೆ ಬಿಚ್ಚಿದರು. ಸಣ್ಣ ಗೆರೆ ಉಳಿದಿದೆ, ಬೆಳೆಯುತ್ತಾ ಮಾಸಿಹೋಗುತ್ತದಂತೆ.

ಯಾವ ಹೊಲಿಗೆ ಎನ್ನುತ್ತೀರಾ? ಎನ್ನುತ್ತೀರೆಂದು ಗೊತ್ತಿದ್ದೇ ಬರೆದೆ. ಹೋದ ತಿಂಗಳು ಶಾಲೆಯ ಮೆಟ್ಟಿಲ ಮೇಲೆ ಜಾರಿ ಬಿದ್ದು ಮಗಳು ಗದ್ದ ಒಡೆದುಕೊಂಡಳು, ಮೂರು ಹೊಲಿಗೆ ಹಾಕಿದರು. ಆ ಭಾನುವಾರ ನೀವು ಫೋನ್ ಮಾಡಿದಾಗ ಅವಳೇ ನಿಮಗೆ ಹೇಳಿದಳು. ಎರಡು ಕೈಯಲ್ಲೂ ಫೋನ್ ಹಿಡಿದುಕೊಂಡು, ಮೆಟ್ಟಿಲು ಒದ್ದೆಯಾಗಿದ್ದದ್ದರಿಂದ ಹಿಡಿದು ಕಾಲರಿಗೆ ರಕ್ತ ಹತ್ತಿದ್ದರವರೆಗೆ ಒಂದೂ ಬಿಡದೆ ಹೇಳಿದಳು. ತಾನು ಅಳಲೇ ಇಲ್ಲ ಎಂಬ ಸುಳ್ಳನ್ನೂ ಸೇರಿಸಿದಳು. ಎಲ್ಲ ಕೇಳಿ ನೀವು ಹೇಳಿದ್ದೇನು ಗೊತ್ತೇ? "ಹೌದಾ? ಭೇಷ್! ಹಾಗೇ ಮಾಡ್ತಾ ಇರು ಮಗಾ." ಮಗು ಫೋನನ್ನು ನನ್ನ ಕೈಗೆ ಕೊಟ್ಟು ಹೋಗಿ ಸೋಫಾದ ಮೂಲೆಯಲ್ಲಿ ಕೂತಳು. ನಾನೂ ಹೇಳಿದೆ. "ಲೈನ್ ಸರಿಯಿಲ್ಲ ಕಣೇ, ಏನೂ ಗೊತ್ತಾಗ್ತಿಲ್ಲ, ಕಾಗದ ಬರಿ" ಎಂದಿರಿ. ಅವತ್ತು ಫೋನಿನವರ ವಂಶವನ್ನೆಲ್ಲ ನಿಲ್ಲಿಸಿಕೊಂಡು ಬೈದೆ. ಈಗ ಅವರಿಗೆ ಕ್ಷಮಾಪಣೆ ಕೇಳಬೇಕಾಗಿದೆ. ಆ ಕಥೆಗೇ ಈ ಕಾಗದ, ಸ್ವಲ್ಪ ಉದ್ದವಿದೆ. ಕೋಣೆಯ ಬಾಗಿಲು ಹಾಕಿಕೊಂಡು ಕೂತು ಓದಿ. ಮಧ್ಯದಲ್ಲಿ ಸಿಟ್ಟು ಬಂದರೆ ಮಡಚಿಡಬೇಡಿ, ನನಗೂ ಮಧ್ಯದಲ್ಲಿ ಬಂದಿತ್ತು.

ನಮ್ಮ ಕುಣಿತದ ಕ್ಲಬ್ಬಿನಿಂದ ಶುರು ಮಾಡುತ್ತೇನೆ. ನೀವು ಹಡಗಿನ ಕೆಲಸಕ್ಕೆ ಹೋದ ಮೇಲೆ ಆರು ತಿಂಗಳು ಮ್ಯಾನೇಜರೇ ನಿಮ್ಮ ಸೌಂಡಿನ ಬೋರ್ಡಿನ ಮುಂದೆ ಕೂತು, ನೀವು ಅಂಟಿಸಿಟ್ಟ ಟೇಪಿನ ಗುರುತುಗಳನ್ನು ಕೂದಲೆಳೆಯಷ್ಟೂ ಕದಲಿಸದೆ ನಡೆಸಿದರು. ಫೆಬ್ರವರಿಯಲ್ಲಿ ಹೊಸಬಳು ಬಂದಳು. ಮೂವತ್ತರ ಆಸುಪಾಸು, ಮಾತು ಕಡಿಮೆ, ಕತ್ತಿನಲ್ಲಿ ಅಂಗೈಯಗಲದ ಒಂದು ಮೀಟರು ನೇತಾಡುತ್ತಿರುತ್ತದೆ. ಸದ್ದು ಎಷ್ಟಿದೆ ಎಂದು ಅಂಕಿ ತೋರಿಸುವ ಮೀಟರು. ಬಾರಿನಣ್ಣ ಮೊದಲ ದಿನವೇ ಅವಳಿಗೆ ಮೀಟರಮ್ಮ ಎಂದು ಹೆಸರಿಟ್ಟ, ಅವಳೂ ಬೇಡವೆನ್ನಲಿಲ್ಲ. ಜನ ತುಂಬಿದ್ದಾಗ ಕ್ಲಬ್ಬಿನ ಮೂಲೆಮೂಲೆಗೆ ಹೋಗಿ ಅಳೆದು ಬರೆದುಕೊಂಡಳು. ಕುಣಿಯುವ ಜಾಗದಲ್ಲಿ ನೂರನಾಲ್ಕು, ನೀವು ಕೂರುತ್ತಿದ್ದ ಕುರ್ಚಿಯಲ್ಲಿ ನೂರೆರಡು, ಬಾರಿನ ಹತ್ತಿರ ತೊಂಬತ್ತೆಂಟು. ಗಿರಾಕಿಗಳ ಕೋಟು ಇಸಿದುಕೊಂಡು ನಂಬರಿನ ಬಿಲ್ಲೆ ಕೊಡುವ ನನ್ನ ಕೌಂಟರಿಗೆ ಬಂದು ನೋಡಿದರೆ ಎಪ್ಪತ್ತೆಂಟು. ಓಣಿ ತಿರುಗಿ, ದಪ್ಪ ಪರದೆ ದಾಟಿ, ಇನ್ನೂರು ಕೋಟುಗಳ ಹಿಂದೆ ನಾನು ಕೂತಿರುವುದಲ್ಲವೇ? "ಅಕ್ಕಾ, ಜನರ ಕೋಟು ನೀವು ಕಾದ್ರಿ, ನಿಮ್ಮ ಕಿವೀನ ಕೋಟುಗಳು ಕಾದ್ವು" ಎಂದಳು. ಅವಳ ಲೆಕ್ಕ ಹೀಗಿದೆ: ಎಂಬತ್ತೈದರ ಸದ್ದಿನಲ್ಲಿ ದಿನಕ್ಕೆ ಎಂಟು ಗಂಟೆ ಕೂರಬಹುದು, ನೂರಾದರೆ ಕಾಲು ಗಂಟೆ, ಅಷ್ಟೇ. ನೀವು ಆ ಕುರ್ಚಿಯಲ್ಲಿ ಐದೈದು ಗಂಟೆ, ವಾರಕ್ಕೆ ಆರು ದಿನ, ಹದಿನೆಂಟು ವರ್ಷ ಕೂತಿರಿ. ಗುಣಿಸಲು ಹೋಗಿ ಅರ್ಧಕ್ಕೇ ಬಿಟ್ಟೆ.

ಇನ್ನು ಟೇಪಿನ ವಿಷಯ. ಒಂದು ಮಧ್ಯಾಹ್ನ ಕೋಟಿನ ಬಿಲ್ಲೆಗಳನ್ನು ಒರೆಸಿಡಲು ಬೇಗ ಹೋಗಿದ್ದೆ. ನೋಡಿದರೆ ನಿಮ್ಮ ಬೋರ್ಡಿನ ಮೇಲೆ ಬಗ್ಗಿಕೊಂಡು ಮೀಟರಮ್ಮ ಉಗುರಿನಿಂದ ಟೇಪು ಕೀಳುತ್ತಿದ್ದಾಳೆ! ನಿಮ್ಮ ಕೈಬರಹದ್ದು, ಕೆಂಪು ಶಾಯಿಯದ್ದು, "ಇಲ್ಲಿಂದ ಕದಲಿಸಬೇಡಿ" ಎಂದು ಬರೆದಿದ್ದಲ್ಲ, ಅದೇ. ನನಗೆ ಎಲ್ಲಿಲ್ಲದ ಕೋಪ ಬಂತು. ಹದಿನೆಂಟು ವರ್ಷ ಈ ಕ್ಲಬ್ಬಿಗೆ ಕಿವಿ ಆಗಿದ್ದವ್ರು ಅವ್ರು, ನಿನ್ನೆ ಮೊನ್ನೆ ಬಂದವಳು ನೀನು, ಯಾರನ್ನ ಕೇಳಿ ಕಿತ್ತೆ ಎಂದು ಕೂಗಾಡಿಬಿಟ್ಟೆ. ಬಾಗಿಲು ಕಾಯುವ ಭೀಮ ಏನೋ ಹೊಡೆದಾಟ ಎಂದು ಹೊರಗಿನಿಂದ ಓಡಿಬಂದ. ಅವಳು ಕಿತ್ತ ಟೇಪುಗಳನ್ನು ಮೇಜಿನ ಗಾಜಿನ ಮೇಲೆ ಒಂದರ ಪಕ್ಕ ಒಂದು ಅಂಟಿಸಿ, "ನೋಡಿ ಅಕ್ಕಾ" ಎಂದಳು. ಒಂದಲ್ಲರೀ, ಒಂಬತ್ತು. ಹೊಸ ಗುರುತು ಹಾಕಿದಾಗೆಲ್ಲ ನೀವು ಹಳೆಯ ಟೇಪಿನ ಮೇಲೇ ಹೊಸದು ಅಂಟಿಸುತ್ತಾ ಬಂದಿದ್ದೀರಿ. ಮಗಳ ಎತ್ತರ ಬಾಗಿಲಿಗೆ ಗುರುತು ಹಾಕುವಾಗಲೂ ತಾರೀಖು ಬರೆಯುವ ಮನುಷ್ಯ, ಇಲ್ಲಿ ಬಿಡುತ್ತೀರಾ? ಒಂಬತ್ತಕ್ಕೂ ತಾರೀಖು ಇತ್ತು. ಚೂಪು ಸದ್ದು ಏರಿಸಿ ಇಳಿಸುವ ಟ್ರೆಬಲ್ಲಿನ ಗುಂಡಿಯ ಗೆರೆ ಪ್ರತಿ ಟೇಪಿನಲ್ಲೂ ಸ್ವಲ್ಪ ಸ್ವಲ್ಪವೇ ಮೇಲೆ ಹೋಗಿತ್ತು. ಮೊದಲ ಟೇಪಿಗೂ ಕೊನೆಯದಕ್ಕೂ ನಡುವೆ ನನ್ನ ಎರಡು ಬೆರಳು ಹಿಡಿಸುವಷ್ಟು ಅಂತರ.

ಅದರ ಅರ್ಥ ಏನು ಎಂದು ನಾನು ಕೇಳಿದೆ, ಇನ್ನೂ ಸಿಟ್ಟಿನಲ್ಲೇ. ಅವಳು ಮೆತ್ತಗೆ ಹೇಳಿದಳು. ಜೋರು ಸದ್ದಿನಲ್ಲಿ ವರ್ಷಗಟ್ಟಲೆ ಕೂತವರಿಗೆ ಮೊದಲು ಹೋಗುವುದು ಚೂಪು ಸದ್ದಂತೆ. ಹೋಗಿದ್ದು ಅವರಿಗೆ ಗೊತ್ತೇ ಆಗುವುದಿಲ್ಲವಂತೆ. ಹಾಡು ಮಂಕಾಗಿದೆ ಎಂದುಕೊಂಡು ಟ್ರೆಬಲ್ ಸ್ವಲ್ಪ ಏರಿಸುತ್ತಾರೆ, ಆಗ ಸರಿಯಾಗಿ ಕೇಳುತ್ತದೆ. ಏರಿಸಿದ ಸದ್ದು ಕಿವಿಯನ್ನು ಇನ್ನಷ್ಟು ತಿನ್ನುತ್ತದೆ, ಮತ್ತೆ ಮಂಕು, ಮತ್ತೆ ಏರಿಸುವುದು. ಜೊತೆಯಲ್ಲಿ ಕೆಲಸ ಮಾಡುವವರ ಕಿವಿಯೂ ಅದೇ ಸದ್ದಿನಲ್ಲಿ ಸವೆದಿರುವುದರಿಂದ ಹೆಚ್ಚಾಯಿತು ಎನ್ನುವವರೇ ಇರುವುದಿಲ್ಲ. "ಇದು ಅವ್ರ ತಪ್ಪಲ್ಲ ಅಕ್ಕಾ, ಈ ಕೆಲಸದೋರೆಲ್ಲ ಮಾಡೋದೇ ಇದು. ನಮ್ಮ ಗುರುಗಳೂ ಮಾಡಿದ್ರು, ಅದಕ್ಕೇ ಈ ಮೀಟರು" ಎಂದಳು. ನಾನು ಬಿಲ್ಲೆಗಳನ್ನು ಅಲ್ಲೇ ಬಿಟ್ಟು ನನ್ನ ಕೌಂಟರಿಗೆ ಹೋಗಿ ಕೂತೆ. ಅವಳ ಮೇಲೆ ಸಿಟ್ಟು ಮಾಡುವುದಕ್ಕೆ ಏನೂ ಉಳಿದಿರಲಿಲ್ಲ.

ಯಾಕೆಂದರೆ ನನಗೂ ಗೊತ್ತಿತ್ತು. ಕೋಟು ಕಾಯುವವಳಿಗೆ ಹಾಡು ಕೇಳದಿದ್ದರೂ ಜನ ಎಷ್ಟು ಹೊತ್ತಿಗೆ ಕೋಟು ಕೇಳುತ್ತಾರೆ ಎಂಬುದು ತಿಳಿಯುತ್ತದೆ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಬಾಗಿಲು ಮುಚ್ಚುವ ಹೊತ್ತಿಗೆ ಎಲ್ಲರೂ ಒಟ್ಟಿಗೇ ಬಂದು ಮೈಮೇಲೆ ಬೀಳುತ್ತಿದ್ದರು. ಈಚಿನ ಮೂರು ನಾಲ್ಕು ವರ್ಷಗಳಲ್ಲಿ ಬಂದ ಒಂದು ಗಂಟೆಯೊಳಗೇ ಬಿಲ್ಲೆ ಹಿಡಿದು ನಿಲ್ಲುವವರು ಹೆಚ್ಚಾದರು. ಒಬ್ಬಳು ಕಿವಿ ಉಜ್ಜಿಕೊಳ್ಳುತ್ತಾ "ಸೂಜಿ ಚುಚ್ಚಿದ ಹಾಗಾಗುತ್ತೆ" ಎಂದಿದ್ದಳು, ಅದನ್ನು ಬಂದು ನಿಮಗೆ ಹೇಳಿದ್ದೆ ಕೂಡ. "ಅವ್ರಿಗೆ ವಯಸ್ಸಾಯ್ತು ಬಿಡು" ಎಂದು ನಕ್ಕಿರಿ, ನಾನೂ ನಕ್ಕೆ. ಆ ಹುಡುಗಿಗೆ ಇಪ್ಪತ್ತೆರಡೂ ಆಗಿರಲಿಲ್ಲ ರೀ.

ಹೋದ ಗುರುವಾರ ಮೀಟರಮ್ಮ ಮಧ್ಯಾಹ್ನವೇ ಎಲ್ಲರನ್ನೂ ಕರೆಸಿ ಕುಣಿಯುವ ಜಾಗದ ಮಧ್ಯೆ ನಿಲ್ಲಿಸಿದಳು. ಹಗಲು ಹೊತ್ತಿನಲ್ಲಿ ಆ ಜಾಗ ಎಷ್ಟು ಸಣ್ಣದು, ನೆಲದ ತುಂಬ ಗೀರು, ಮೂಲೆಯಲ್ಲಿ ಮಾಪು ನೆನೆಸಿಟ್ಟ ಬಕೆಟ್ಟು. ಕಣ್ಣು ಮುಚ್ಚಿ ಕೈ ಎತ್ತಿ ನಿಲ್ಲಿ, ಒಂದು ಸೀಟಿ ಮೆಲ್ಲಗೆ ಬರುತ್ತದೆ, ಬರಬರುತ್ತಾ ಚೂಪಾಗುತ್ತದೆ, ಕೇಳುವುದು ನಿಂತಾಗ ಕೈ ಇಳಿಸಿ ಎಂದಳು. ನಿಂತೆವು, ಶಾಲೆಯಲ್ಲಿ ತಪ್ಪು ಮಾಡಿದವರ ಹಾಗೆ. ಸೀಟಿ ಏರುತ್ತಾ ಹೋಯಿತು. ಸ್ವಲ್ಪ ಹೊತ್ತಿಗೇ ಬಾರಿನಣ್ಣನ ದನಿ: "ಆಯ್ತು, ನಿಂತೋಯ್ತು! ಇನ್ನೂ ಯಾಕ್ರೋ ಕೈ ಎತ್ಕೊಂಡು ನಿಂತಿದ್ದೀರಾ, ಇಳಿಸ್ರೋ!" ನಾವೆಲ್ಲ ಕಣ್ಣು ಬಿಟ್ಟೆವು. ಸೀಟಿ ನಿಂತಿರಲಿಲ್ಲ, ಉಳಿದವರಿಗೆಲ್ಲ ಸ್ಪಷ್ಟವಾಗಿ ಕೇಳುತ್ತಿತ್ತು. ಅವನು ನಮ್ಮ ಮುಖಗಳನ್ನು ಒಂದೊಂದಾಗಿ ನೋಡಿದ, ತಮಾಷೆ ಮಾಡ್ತಿದ್ದೀರಾ ಎಂದ. ಇಪ್ಪತ್ತು ವರ್ಷದಿಂದ ಗಿರಾಕಿಗಳ ತುಟಿ ನೋಡಿಯೇ ಗ್ಲಾಸು ತುಂಬಿಸುತ್ತಿದ್ದಾನಂತೆ ಮನುಷ್ಯ. ಅದನ್ನೊಂದು ವಿದ್ಯೆ ಎಂದೇ ತಿಳಿದಿದ್ದ. ಕಿವಿಗೆ ಹತ್ತಿ ಇಟ್ಕೋತಿದ್ದೆನಲ್ಲ ಎಂದು ಕೊನೆಗೊಮ್ಮೆ ಕೇಳಿದ. ಹತ್ತಿ ಇಡುವುದೂ ಒಂದೇ, ಸೊಳ್ಳೆಪರದೆ ಹಿಡಿದು ಮಳೆಗೆ ನಿಲ್ಲುವುದೂ ಒಂದೇ ಎಂದಳು ಮೀಟರಮ್ಮ. ಕೊನೆಯವರೆಗೂ ಕೈ ಎತ್ತಿದ್ದವರು ಇಬ್ಬರೇ, ಬಾಗಿಲ ಹೊರಗೆ ನಿಲ್ಲುವ ಭೀಮ ಮತ್ತು ನಾನು.

ಸಮಾಧಾನ ಹೇಳಲೆಂದು ನಾನು, ಹೋಗ್ಲಿ ಬಿಡಣ್ಣ, ಸೀಟಿ ಕೇಳಿಸದಿದ್ರೆ ಏನು ಗಂಟು ಹೋಯ್ತು ಎಂದೆ. ಆಗ ಮೀಟರಮ್ಮ ಹೇಳಿದಳು: "ಸೀಟಿ ಹೋದ್ರೆ ಹೋಗ್ಲಿ ಅಕ್ಕಾ. ಅದರ ಜೊತೆಗೆ ಹೆಂಗಸ್ರ ಮಾತು, ಮಕ್ಕಳ ಮಾತು ಹೋಗುತ್ತೆ. ದಪ್ಪ ದನಿ ಎಲ್ಲ ಕೇಳುತ್ತೆ, ಸಣ್ಣ ದನಿ ಇದ್ದೋರು ಏನೋ ಗೊಣಗಿದ ಹಾಗೆ ಕೇಳುತ್ತೆ. ಫೋನಲ್ಲಂತೂ ಕೇಳ್ಲೇಬೇಡಿ." ನಾನು ಅಲ್ಲೇ ಆ ಬಕೆಟ್ಟಿನ ಪಕ್ಕ ಕೂತುಬಿಟ್ಟೆ. ಹುಟ್ಟಿದ ಮೂರನೇ ದಿನ ಮಗಳು ಅತ್ತದ್ದು ಕೇಳಿ ಗುಬ್ಬಿ ಎಂದು ಹೆಸರಿಟ್ಟವರು ನೀವು.

ಆದರೂ ನಂಬಲು ಮನಸ್ಸಿಲ್ಲ ನೋಡಿ. ಅದಕ್ಕೇ ಮೊನ್ನೆ ಭಾನುವಾರ ನಿಮ್ಮನ್ನು ಪರೀಕ್ಷೆ ಮಾಡಿದೆ. ಈಗ ಒಪ್ಪಿಕೊಳ್ಳುತ್ತಿದ್ದೇನೆ, ಬೈದರೆ ಬೈಯಿರಿ. ಮೊದಲು ಅಮ್ಮನ ಕೈಗೆ ಫೋನ್ ಕೊಟ್ಟೆ. ಅವರು ಮಂಡಿ, ಮಾತ್ರೆ, ಎದುರುಮನೆಯ ನಾಯಿ ಎಲ್ಲ ಹೇಳಿದರು, ನೀವು ಒಂದಕ್ಕೂ ತಪ್ಪದೆ ಉತ್ತರ ಕೊಟ್ಟಿರಿ, ನಾಯಿಯ ವಿಷಯಕ್ಕೆ ನಕ್ಕಿರಿ ಕೂಡ. ಫೋನ್ ಇಡದೆ ಹಾಗೇ ಗುಬ್ಬಿಗೆ ಕೊಟ್ಟೆ. ಅಪ್ಪಾ, ನಮ್ಮ ಟೀಚರ್‌ಗೆ ಮಗು ಆಯ್ತು ಎಂದಳು. "ಊಟ ಆಯ್ತಾ? ಒಳ್ಳೇದು, ಒಳ್ಳೇದು" ಎಂದಿರಿ. ಮತ್ತೆ ಅಮ್ಮನಿಗೆ ಕೊಟ್ಟೆ. "ಹಾಂ ಅಮ್ಮಾ, ಈಗ ಲೈನ್ ಸರಿ ಹೋಯ್ತು" ಎಂದಿರಿ. ಲೈನು ಸರಿಯಾಗಿಯೇ ಇದೆ ರೀ. ಮೊದಲಿನಿಂದಲೂ ಸರಿಯಾಗಿಯೇ ಇತ್ತು. ನಾನು ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅಳು ಮುಗಿಯುವವರೆಗೂ ಅಲ್ಲೇ ಇದ್ದೆ. ಆಚೆ ಬಂದಾಗ ಅಮ್ಮ ಇಷ್ಟೊತ್ತಿಗೆ ಯಾರು ಬಟ್ಟೆ ಒಗೀತಾರೆ ಎಂದು ರೇಗಿದರು.

ಅವತ್ತಿನಿಂದ ಹಳೆಯದೆಲ್ಲ ಒಂದೊಂದಾಗಿ ನೆನಪಾಗುತ್ತಿದೆ. ಎಷ್ಟು ಚಳಿಯಿದ್ದರೂ ತಲೆಯ ಹತ್ತಿರ ಫ್ಯಾನ್ ಓಡಲೇಬೇಕು ಎಂದು ನೀವು ಹಟ ಮಾಡುತ್ತಿದ್ದಿರಿ, ನಾನು ಎರಡು ಕಂಬಳಿ ಹೊದ್ದು ನಿಮಗೆ ಶಾಪ ಹಾಕುತ್ತಿದ್ದೆ. ಗಾಳಿ ಬೇಕು ಎಂದೇ ಹೇಳುತ್ತಿದ್ದಿರಿ. ಕಿವಿಯೊಳಗೆ ಸದಾ ಗುಂಯ್ ಎನ್ನುವವರು ಅದನ್ನು ಮುಚ್ಚಲು ಫ್ಯಾನ್ ಹಾಕಿಕೊಳ್ಳುತ್ತಾರಂತೆ, ಮೀಟರಮ್ಮ ಹೇಳಿದಳು. ಅವಳ ಗುರುಗಳು ರೇಡಿಯೋ ಕರಕರ ಹಾಕಿಕೊಂಡು ಮಲಗುತ್ತಿದ್ದರಂತೆ. ನಿಮಗೂ ಗುಂಯ್ ಎನ್ನುತ್ತಿತ್ತೇ? ಎಷ್ಟು ವರ್ಷದಿಂದ? ಹೆಂಡತಿಗೆ ಒಂದು ಮಾತು ಹೇಳಲು ಏನು ಧಾಡಿಯಾಗಿತ್ತು ನಿಮಗೆ? ಹೇಳಿದ್ದರೆ ಕಂಬಳಿ ಹೊದ್ದು ಸುಮ್ಮನಿರುತ್ತಿದ್ದೆನಲ್ಲ. ನನ್ನದೂ ತಪ್ಪಿದೆ, ಇಲ್ಲವೆನ್ನುವುದಿಲ್ಲ. ಹತ್ತು ಸಲ ಕರೆದರೂ ತಿರುಗದಿದ್ದಾಗ ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ ಎಂದು ನೆಂಟರ ಎದುರಿಗೇ ಆಡಿಕೊಂಡಿದ್ದೇನೆ. ನಾನು ಹೇಳಿದ್ದಕ್ಕೆಲ್ಲ ನೀವು ಹೂಂ ಎನ್ನುವುದು ಅಸಡ್ಡೆ ಎಂದುಕೊಂಡಿದ್ದೆ. ಆ ಮಾತಿಗೆ ಈಗ ಕ್ಷಮೆ ಕೇಳುತ್ತೇನೆ. ಆದರೆ ಅದರಲ್ಲಿ ಅರ್ಧ ನಿಜವಾದ ಅಸಡ್ಡೆಯೇ ಇತ್ತೆಂದು ನನಗೆ ಗೊತ್ತು, ಅಷ್ಟರಮಟ್ಟಿಗೆ ಕ್ಷಮೆ ವಾಪಸ್ಸು.

ನಾನು ಇಷ್ಟೆಲ್ಲ ತಿಳಿದುಕೊಂಡು ಕೈಕಟ್ಟಿ ಕೂರುವವಳಲ್ಲ. ನಿನ್ನೆ ಮೀಟರಮ್ಮ ಹೇಳಿದ ಕಿವಿ ಆಸ್ಪತ್ರೆಗೆ ಹೋಗಿ ಅಲ್ಲಿ ಪರೀಕ್ಷೆ ಮಾಡುವಾಕೆಯನ್ನು ಕೇಳಿ ಬಂದೆ. ರೋಗಿ ಎಲ್ಲಿ ಎಂದರು, ಸಮುದ್ರದಲ್ಲಿ ಎಂದೆ. ಪುಣ್ಯಾತ್ಮಳು ನಕ್ಕು ಕೂರಿಸಿಕೊಂಡರು. ಹೋದದ್ದು ವಾಪಸ್ ಬರುವುದಿಲ್ಲವಂತೆ, ಯಾವ ತೈಲ ಬಿಟ್ಟರೂ ಅಷ್ಟೇ. ಇರುವುದನ್ನು ಉಳಿಸಿಕೊಳ್ಳಬಹುದು. ಹೋದಷ್ಟಕ್ಕೆ ಕಿವಿಯ ಮಿಷನ್ ಇದೆ, ಈಗಿನದು ಕಡಲೆಕಾಳಿಗಿಂತ ಸ್ವಲ್ಪ ದೊಡ್ಡದು, ಹಾಕಿಕೊಂಡರೆ ಯಾರಿಗೂ ಕಾಣುವುದಿಲ್ಲ. ಕಂಡರೇನು ಎಂದು ನಾನು ಕೇಳಿದೆ. ಕಾಣುತ್ತದೆಯೇ ಎನ್ನುವುದೇ ಗಂಡಸರ ಮೊದಲ ಪ್ರಶ್ನೆ ಎಂದರು. ಇನ್ನು ಕೆಲಸದ ವಿಷಯ. ನಿಮ್ಮಂಥವರಿಗೆಂದೇ ಕಿವಿಯ ಅಚ್ಚು ತೆಗೆದು ಮಾಡಿಕೊಡುವ ಬಿರಡೆ ಇದೆಯಂತೆ. ಅದು ಎಲ್ಲ ಸದ್ದನ್ನೂ ಒಂದೇ ಸಮನೆ ತಗ್ಗಿಸುತ್ತದೆ, ದಪ್ಪ ಸದ್ದಿನ ಬೇಸೂ ಟ್ರೆಬಲ್ಲೂ ಬೇರೆಬೇರೆಯಾಗಿಯೇ ಕೇಳುತ್ತವೆ. ಮೀಟರಮ್ಮ ಅದನ್ನೇ ಹಾಕಿಕೊಂಡು ಕೂರುತ್ತಾಳೆ, ಇಷ್ಟು ದಿನ ನಾನು ಅದನ್ನು ಓಲೆಯ ಹರಳು ಎಂದುಕೊಂಡಿದ್ದೆ. ಅಚ್ಚು ತೆಗೆಸಲು ನೀವೇ ಹೋಗಬೇಕು, ಅದನ್ನು ನಾನು ನಿಮ್ಮ ಪರವಾಗಿ ಮಾಡಲಾರೆ.

ಅಲ್ಲಿಯವರೆಗೆ ಈ ಕಾಗದದ ಜೊತೆ ಸ್ಪಂಜಿನ ಬಿರಡೆ ಇಪ್ಪತ್ತು ಜೊತೆ ಕಳಿಸಿದ್ದೇನೆ. ಬಾಟಲಿಗೆ ಮುಚ್ಚಳ ಒತ್ತಿದ ಹಾಗೆ ಒತ್ತಬೇಡಿ, ಎಲ್ಲರೂ ಮಾಡುವ ತಪ್ಪು ಅದು. ಬೆರಳಲ್ಲಿ ಬತ್ತಿಯ ಹಾಗೆ ತೆಳ್ಳಗೆ ಹೊಸೆಯಿರಿ, ಇನ್ನೊಂದು ಕೈಯನ್ನು ತಲೆಯ ಹಿಂದಿನಿಂದ ತಂದು ಕಿವಿಯನ್ನು ಮೇಲಕ್ಕೆ ಎಳೆದು ಒಳಗೆ ಸೇರಿಸಿ, ಉಬ್ಬುವವರೆಗೆ ಬೆರಳು ಒತ್ತಿ ಹಿಡಿಯಿರಿ. ನಿಮ್ಮ ದನಿಯೇ ಮಡಕೆಯೊಳಗಿಂದ ಬಂದ ಹಾಗೆ ಕೇಳಿದರೆ ಸರಿಯಾಗಿ ಕೂತಿದೆ ಎಂದು ಅರ್ಥ. ಗಂಟೆಗೊಮ್ಮೆ ಹತ್ತು ನಿಮಿಷ ಡೆಕ್ಕಿನ ಮೇಲೆ ಹೋಗಿ ನಿಲ್ಲಿ, ಸಮುದ್ರ ನೋಡಿ. ನನಗೆ ಈಗ ಇದೆಲ್ಲ ಬಾಯಿಪಾಠ. ಮೀಟರಮ್ಮ ನನ್ನ ಕೌಂಟರಿನ ಮೇಲೆ ಒಂದು ಗಾಜಿನ ಬೋಗುಣಿ ತುಂಬ ಬಿರಡೆ ಇಟ್ಟಿದ್ದಾಳೆ, ಕೋಟಿನ ಬಿಲ್ಲೆಯ ಜೊತೆ ಒಂದು ಜೊತೆ ಕೊಡುವುದು ನನ್ನ ಕೆಲಸ. ಮೊದಮೊದಲು ಮಿಠಾಯಿ ಎಂದು ಒಬ್ಬ ಬಾಯಿಗೆ ಹಾಕಿಕೊಂಡ. ಈಗ ಹತ್ತರಲ್ಲಿ ಆರು ಜನ ಹಾಕಿಕೊಂಡೇ ಒಳಗೆ ಹೋಗುತ್ತಾರೆ. ಸದ್ದಿಲ್ಲದ ಕ್ಲಬ್ಬಿಗೆ ಯಾರು ಬರ್ತಾರೆ ಎಂದು ಕುಣಿದಾಡಿದ ಮ್ಯಾನೇಜರು, ಕೋಟುಗಳೆಲ್ಲ ಮತ್ತೆ ಬಾಗಿಲು ಮುಚ್ಚುವವರೆಗೂ ಉಳಿಯುತ್ತಿರುವುದನ್ನು ನೋಡಿ, ಇದೆಲ್ಲ ತಮ್ಮದೇ ಉಪಾಯ ಎಂದು ಹೇಳಿಕೊಂಡು ತಿರುಗುತ್ತಿದ್ದಾರೆ. ಬಾರಿನಣ್ಣ ಬುಧವಾರ ಪರೀಕ್ಷೆಗೆ ಹೋಗುತ್ತಾನೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂದು ತನ್ನನ್ನು ತಾನೇ ಹಳಿದುಕೊಳ್ಳುತ್ತಿದ್ದ. ಒಲೆ ಉರಿದಿದೆಯಲ್ಲ, ನಾಳೆಯ ಅಡುಗೆಗಾದರೂ ಆಯಿತು ಎಂದೆ.

ಈಗ ಮುಖ್ಯವಾದದ್ದು. ಹಡಗಿನ ಮೂರೂ ಕುಣಿತದ ಹಾಲ್‌ಗಳ ಸೌಂಡಿಗೆ ನಿಮ್ಮನ್ನೇ ಮುಖ್ಯಸ್ಥರನ್ನಾಗಿ ಮಾಡುತ್ತಾರೆ, ಇನ್ನೆರಡು ವರ್ಷದ ಕರಾರಿಗೆ ಮುಂದಿನ ತಿಂಗಳು ಸಹಿ ಹಾಕುತ್ತೇನೆ ಎಂದು ಬರೆದಿದ್ದೀರಿ. ಓದಿ ನನಗೂ ಹೆಮ್ಮೆಯಾಯಿತು, ಅಮ್ಮ ಅಕ್ಕಪಕ್ಕಕ್ಕೆಲ್ಲ ಸಾರಿದರು. ಆದರೆ ಕಿವಿ ತೋರಿಸದೆ ಸಹಿ ಹಾಕಬೇಡಿ. ಮುಂದಿನ ಬಂದರಿನಲ್ಲಿ ಇಳಿದ ಕೂಡಲೇ ಪರೀಕ್ಷೆ ಮಾಡಿಸಿ, ಪರೀಕ್ಷೆಯ ವರದಿ ಕೈಗೆ ಬಂದ ಮೇಲೆ ಯೋಚಿಸೋಣ. ಕೆಲಸ ಬಿಡಿ ಎನ್ನುತ್ತಿಲ್ಲ ನಾನು. ಬಿರಡೆ, ಮಿಷನ್ನು, ಒಂದು ಮೀಟರು, ಇವಿಷ್ಟಿದ್ದರೆ ನೀವು ಈಗಲೂ ಯಾರಿಗೂ ಕಡಿಮೆಯಿಲ್ಲ. ಇದು ನನ್ನ ಮಾತಲ್ಲ, ಮೀಟರಮ್ಮನದು. ಬೋರ್ಡಿನ ಗುರುತುಗಳಲ್ಲಿ ಟ್ರೆಬಲ್ಲಿನದನ್ನು ಮಾತ್ರ ಅವಳು ಕಿತ್ತಳು. ಬೇಸಿನ ಸಾಲನ್ನು ಮುಟ್ಟಿಲ್ಲ. ಅಷ್ಟು ಚೆನ್ನಾಗಿ ಕೂರಿಸಲು ತನ್ನಿಂದ ಆಗುವುದಿಲ್ಲ, ಅದು ನಿಮ್ಮವರದ್ದೇ ಇರಲಿ ಎಂದಳು. ನೀವು ಬಂದಾಗ ಅವಳಿಗೆ ಒಂದು ಒಳ್ಳೆಯ ಮಾತು ಹೇಳಬೇಕು, ನಾನಂತೂ ಕೂಗಾಡಿದ್ದಕ್ಕೆ ಕ್ಷಮೆ ಕೇಳಿದ್ದೇನೆ.

ಅಮ್ಮ ಆಶೀರ್ವಾದ ತಿಳಿಸಿದ್ದಾರೆ, ಬನಿಯನ್ ಹರಿದಿದ್ದರೆ ಎಸೆಯಬೇಕಂತೆ, ಹೊಲಿದುಕೊಂಡು ಹಾಕಬಾರದಂತೆ. ಬಾರಿನಣ್ಣ, ಭೀಮ ಕೇಳಿದೆನೆಂದು ಹೇಳು ಎಂದಿದ್ದಾರೆ. ಬೈದದ್ದನ್ನೆಲ್ಲ ಕಳೆದು ಉಳಿದದ್ದನ್ನು ಪ್ರೀತಿ ಎಂದು ತಿಳಿಯಿರಿ. ಹುಷಾರಾಗಿರಿ, ಬೇಗ ಬನ್ನಿ.

ನಿಮ್ಮ
ಜಗಳಗಂಟಿ

ತಾ.ಕ. ಲಕೋಟೆ ಅಂಟಿಸುವ ಮೊದಲು ಇದಿಷ್ಟು, ಅಂಚೆಯವರು ಬರುವ ಹೊತ್ತಾಯಿತು. ಎರಡು ದಿನದಿಂದ ಗುಬ್ಬಿಯ ಗಂಟಲು ಕಟ್ಟಿದೆ, ಶೀತವೆಂದು ಬಿಸಿನೀರು ಕುಡಿಸುತ್ತಿದ್ದೆ. ಈಗ ಶಾಲೆಯಿಂದ ಬಂದವಳು ಅಜ್ಜಿಯ ಕೋಣೆಯಲ್ಲಿ ಬಾಗಿಲು ಹಾಕಿಕೊಂಡಿದ್ದಾಳೆ, ಒಳಗಿನಿಂದ ಯಾರೋ ಗಂಡಸು ಗುಡುಗಿದ ಹಾಗೆ "ಅಪ್ಪಾ, ನಾನು, ಗುಬ್ಬಿ" ಎಂದು ಕೇಳಿಸಿತು. ಬಾಗಿಲು ತೆಗೆದು ನೋಡಿದರೆ ಇವಳೇ, ಹೊಟ್ಟೆ ಒಳಗೆಳೆದುಕೊಂಡು, ಕತ್ತಿನ ನರ ಉಬ್ಬಿಸಿಕೊಂಡು ದಪ್ಪ ದನಿ ತೆಗೆಯುತ್ತಿದ್ದಾಳೆ. ಅಜ್ಜಿ ಎದುರಿಗೆ ಕೂತು ಕಲಿಸುತ್ತಿದ್ದಾರೆ. ಕೇಳಿದರೆ, "ಅಪ್ಪಂಗೆ ಅಜ್ಜಿ ದನಿ ಕೇಳುತ್ತೆ, ನಂದು ಕೇಳಲ್ಲ ಅಮ್ಮ, ನಂಗೆ ಮೊದ್ಲೇ ಗೊತ್ತು. ನಿಂಗೆ ಬೇಜಾರಾಗುತ್ತೆ ಅಂತ ಹೇಳಿಲ್ಲ" ಎಂದಳು. ನಾನು ಅದನ್ನು ನಿಲ್ಲಿಸಿದ್ದೇನೆ. ಈ ಕಾಗದ ಸಿಕ್ಕಿದ ಮೇಲೆ ನೀವು ಫೋನ್ ಮಾಡುವ ಭಾನುವಾರ ಅವಳು ತನ್ನ ದನಿಯಲ್ಲೇ ಮಾತಾಡುತ್ತಾಳೆ. ತಿಳಿಯದಿದ್ದರೆ ನನ್ನಾಣೆ, ಭೇಷ್ ಎನ್ನಬೇಡಿ, ಲೈನನ್ನೂ ಬೈಯಬೇಡಿ. ಕೇಳಿಸಲಿಲ್ಲ ಮಗಾ, ಇನ್ನೊಂದು ಸಲ ಹೇಳು ಎನ್ನಿ. ನೂರು ಸಲ ಬೇಕಾದರೂ ಹೇಳುತ್ತೇನೆ ಎಂದು ಇಲ್ಲೇ ನನ್ನ ಪಕ್ಕದಲ್ಲಿ ನಿಂತಿದ್ದಾಳೆ.